ಹ್ಯಾಂಡ್‌ಹೆಲ್ಡ್ ಕನ್ಸೋಲ್: ಚಿಪ್ ಕಥೆ ಬಿಡಿ, ಕೈಗೆ ಹೇಗೆ ಕೂತಿದೆ ಹೇಳಿ

ನಿಧಾನಗಾಡಿ:

ಹ್ಯಾಂಡ್‌ಹೆಲ್ಡ್ ಗೇಮ್ ಕನ್ಸೋಲ್, ಅಂದರೆ ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರ, ಅಂದರೆ ಸಾಕು, ಎಲ್ಲರೂ ಪ್ರೊಸೆಸರ್ ಯಾವುದು, ರ್ಯಾಮ್ ಎಷ್ಟು, ಯಾವ ಸಿಸ್ಟಂವರೆಗೂ ಓಡಿಸುತ್ತದೆ ಅನ್ನುವ ಲೆಕ್ಕಕ್ಕೆ ಇಳಿಯುತ್ತಾರೆ. ಕೈಯಲ್ಲಿ ಹಿಡಿದರೆ ಹೇಗಿದೆ ಅಂತ ಕೇಳಿದರೆ ಮಾತ್ರ ಒಂದೇ ಪದದ ಉತ್ತರ: "ಚೆನ್ನಾಗಿದೆ." ಎರಡು ಗಂಟೆ ಆಡಿದ ಮೇಲೂ ಚೆನ್ನಾಗಿದೆಯಾ? ಅದನ್ನು ಯಾರೂ ಹೇಳಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ, ಬೈಯುವವರು ಬೈಯಿರಿ. ನಿಂಟೆಂಡೊದ 2001ರ ಮೊದಲ ಗೇಮ್ ಬಾಯ್ ಅಡ್ವಾನ್ಸ್‌ನ ಆಕಾರವನ್ನು ಇವತ್ತಿಗೂ ಯಾರೂ ಮೀರಿಸಿಲ್ಲ. 2003ರಲ್ಲಿ ಬಂದ ಅದರದೇ ಮಡಚುವ ಮಾದರಿ ಎಸ್‌ಪಿಯನ್ನು ಎಲ್ಲರೂ ತಲೆ ಮೇಲೆ ಹೊತ್ತು ಕುಣಿಯುತ್ತಾರೆ. ಮಡಚಬಹುದು, ಬೆಳಕಿದೆ, ಚಾರ್ಜ್ ಮಾಡಬಹುದು, ನಿಜ. ಆದರೆ ಅದರ ಅಳತೆ ತೆಗೆದವರು ಜೇಬನ್ನು ನೋಡಿದ್ದಾರೆಯೇ ಹೊರತು ಕೈ ನೋಡಿಲ್ಲ. ಕಿರುಬೆರಳು ಇಡಲು ಜಾಗವೇ ಇಲ್ಲ. ಅರ್ಧ ಗಂಟೆಗೆ ಹೆಬ್ಬೆರಳಿನ ಬುಡ ನೋಯುತ್ತದೆ. ಜೊತೆಗೆ ಹೆಡ್‌ಫೋನ್ ಜಾಕ್ ಕೂಡ ಇಲ್ಲ, ಅದಕ್ಕೊಂದು ಅಡಾಪ್ಟರ್ ಬೇಕು.

ಮೊದಲ ಮಾದರಿಯ ಒಂದೇ ತಪ್ಪು ಪರದೆ. ಬೆಳಕೇ ಇಲ್ಲ. ದೀಪದ ಕೆಳಗೆ ಕೂತು, ಕುತ್ತಿಗೆ ಓರೆ ಮಾಡಿಕೊಂಡು ಆಡಬೇಕು. ಒಪ್ಪುತ್ತೇನೆ.

ನಿಮ್ಮ ಕೈಗೆ ಸರಿಯಾಗಿ ಕೂತದ್ದು ಯಾವುದು? ಬಟನ್, ಡಿ-ಪ್ಯಾಡ್ (ನಾಲ್ಕು ದಿಕ್ಕಿಗೆ ಒತ್ತುವ ಬಟನ್), ತೂಕ, ಬ್ಯಾಟರಿ, ಪರದೆ. ಇಷ್ಟರ ಬಗ್ಗೆ ಹೇಳಿ ಸಾಕು.

ಪಿಕ್ಸೆಲ್‌ಪುಟ್ಟಿ:

"ಒಂದೇ ತಪ್ಪು ಪರದೆ" ಅಂದರೆ ಹೇಗೆ ಗುರುವೇ? ಬಾವಿ ಚೆನ್ನಾಗಿದೆ, ನೀರೊಂದೇ ಇಲ್ಲ ಅಂದ ಹಾಗಾಯಿತು.

ಎಸ್‌ಪಿ ಬಗ್ಗೆ ಮಾತಾಡುವಾಗ ಯಾವ ಎಸ್‌ಪಿ ಅಂತ ಹೇಳಬೇಕು. 2003ರದ್ದರಲ್ಲಿ ಬೆಳಕು ಪರದೆಯ ಮುಂದಿನಿಂದ ಬೀಳುತ್ತದೆ, ಬಣ್ಣಗಳೆಲ್ಲ ನೂರು ಸಲ ಒಗೆದ ಬಟ್ಟೆ ಥರ. ಆಮೇಲೆ ಬಂದ ಎಜಿಎಸ್-101 ಮಾದರಿಯಲ್ಲಿ ಬೆಳಕು ಹಿಂದಿನಿಂದ ಬರುತ್ತದೆ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದರೆ ಒಂದೇ ಹೆಸರಿನ ಯಂತ್ರ ಅಂತ ನಂಬಲು ಆಗಲ್ಲ.

ಹಳೆಯದನ್ನು ಕೊಳ್ಳುವವರಿಗೆ ಒಂದು ಕಿವಿಮಾತು: ಬೆನ್ನಿನ ಸ್ಟಿಕ್ಕರ್ ನಂಬಬೇಡಿ, ಕವಚ ಬದಲಾಯಿಸಿರಬಹುದು. ಆನ್ ಮಾಡಿ, ಪರದೆಯ ಕೆಳಗೆ ನಡುವಿನಲ್ಲಿರುವ ಬೆಳಕಿನ ಬಟನ್ ಒತ್ತಿ. ಬೆಳಕು ಪೂರ್ತಿ ಆರಿದರೆ ಹಳೇ ಪರದೆ. ಬರೀ ಜಾಸ್ತಿ ಕಡಿಮೆ ಆಗುತ್ತಿದ್ದರೆ 101.

ಇನ್ನು ಕೈ ನೋವು. ನನ್ನ ಕೈ ಚಿಕ್ಕದು, ನನಗೆ ನೋವಿಲ್ಲ. ನಿಮ್ಮ ಕೈ ದೊಡ್ಡದಾದರೆ ಅದು ಕನ್ಸೋಲ್ ತಪ್ಪಾ?

ನಿಧಾನಗಾಡಿ:

ಕೈ ದೊಡ್ಡದೇ. ಮಕ್ಕಳಿಗೆ ಅಂತ ಮಾಡಿದ್ದನ್ನು ಹಿಡಿದು ನಾನು ಗೊಣಗುತ್ತಿದ್ದೇನೆ ಅನ್ನಿ ಬೇಕಾದರೆ. ಬೆಳಕಿನ ಬಟನ್ ಉಪಾಯ ಗೊತ್ತಿರಲಿಲ್ಲ, ಥ್ಯಾಂಕ್ಸ್.

ಬೆಸುಗೆಕೈ:

ಗಾಡಿಯವರೇ, ನಿಮ್ಮ ಸಮಸ್ಯೆಗೆ ಮದ್ದು ಇದೆಯಲ್ಲ. ಮೊದಲ ಅಡ್ವಾನ್ಸ್‌ಗೆ ಐಪಿಎಸ್ ಪರದೆ (ಬೆಳಕಿರುವ ಹೊಸ ಬಗೆಯ ಎಲ್‌ಸಿಡಿ) ಕಿಟ್ ಹಾಕಿ. ನಾನು ಮೂರ್ನಾಲ್ಕು ಹಾಕಿದ್ದೇನೆ. ಪರದೆ ಕೂರಿಸಲು ಹೆಚ್ಚಿನ ಕಿಟ್‌ಗಳಲ್ಲಿ ಸೋಲ್ಡರಿಂಗ್ ಬೇಕಿಲ್ಲ. ಬೆಳಕು ಜಾಸ್ತಿ ಕಡಿಮೆ ಮಾಡುವುದನ್ನು ಎಲ್, ಆರ್, ಸೆಲೆಕ್ಟ್ ಬಟನ್‌ಗಳಿಗೆ ಜೋಡಿಸಬೇಕೆಂದರೆ ಮಾತ್ರ ಮೂರು ವೈರ್ ಬೆಸೆಯಬೇಕು. ಹಳೇ ಕವಚವನ್ನೇ ಉಳಿಸಿಕೊಳ್ಳುವುದಾದರೆ ಒಳಗಿನ ಪ್ಲಾಸ್ಟಿಕ್ ಸ್ವಲ್ಪ ಕತ್ತರಿಸಬೇಕಾಗುತ್ತದೆ.

ಎರಡು ವಿಷಯ ಮೊದಲೇ ತಿಳಿದಿರಲಿ. ಒಂದು, ಬ್ಯಾಟರಿ. ಮೂಲ ಅಡ್ವಾನ್ಸ್ ಎರಡು ಎಎ ಸೆಲ್‌ನಲ್ಲಿ ಸುಮಾರು 15 ಗಂಟೆ ಓಡುತ್ತದೆ. ಬೆಳಕಿಲ್ಲದ ಪರದೆಯ ಪುಣ್ಯ ಅದು. ಹೊಸ ಪರದೆ ಹಾಕಿದರೆ ಆ ಲೆಕ್ಕ ಮರೆತುಬಿಡಿ.

ಇನ್ನೊಂದು, ಬಣ್ಣ. ಆ ಕಾಲದ ಎಷ್ಟೋ ಆಟಗಳಲ್ಲಿ ಬಣ್ಣಗಳನ್ನು ಬೇಕೆಂದೇ ತಿಳಿಯಾಗಿಸಿದ್ದಾರೆ. ಮಂಕು ಪರದೆಯಲ್ಲಿ ಏನಾದರೂ ಕಾಣಬೇಕಲ್ಲ! ಅದೇ ಆಟವನ್ನು ಹೊಳೆಯುವ ಐಪಿಎಸ್ ಮೇಲೆ ನೋಡಿದರೆ ಸುಣ್ಣ ಬಳಿದ ಹಾಗೆ. ಅಂದರೆ ಆ ಕೆಟ್ಟ ಪರದೆಯೂ ಆಟದ ಚಿತ್ರದ ಒಂದು ಭಾಗ ಆಗಿಬಿಟ್ಟಿತ್ತು. ಬಣ್ಣ ಸರಿಪಡಿಸುವ ಸೌಲಭ್ಯ ಇರುವ ಕಿಟ್ ಸಿಕ್ಕರೆ ಅದನ್ನೇ ತಗೊಳ್ಳಿ.

ಎಡಗೈ:

ಬಟನ್ ಬಗ್ಗೆ ಕೇಳಿದ್ದಕ್ಕೆ ಬಂದೆ. ನಾನು ಎಡಗೈಯವಳು. 1989ರ ಅಟಾರಿ ಲಿಂಕ್ಸ್ ಹ್ಯಾಂಡ್‌ಹೆಲ್ಡ್ ಗೊತ್ತಾ? ಅದನ್ನು ತಲೆಕೆಳಗು ಮಾಡಿ ಹಿಡಿದು, ಬಟನ್ ಒತ್ತಿ ಚಿತ್ರವನ್ನೂ ತಿರುಗಿಸಬಹುದಿತ್ತು. ಡಿ-ಪ್ಯಾಡ್ ಬಲಗೈಗೆ, ಬಟನ್‌ಗಳು ಎಡಗೈಗೆ ಬರುತ್ತಿದ್ದವು. ಎರಡೂ ತುದಿಗೆ ಎ, ಬಿ ಬಟನ್ ಜೋಡಿ ಇಟ್ಟಿದ್ದೇ ಅದಕ್ಕೆ. ಮೂವತ್ತೈದು ವರ್ಷದ ಹಿಂದೆ ಒಬ್ಬರಿಗೆ ಹೊಳೆದದ್ದು ಆಮೇಲೆ ಬಂದವರಿಗೆ ಯಾಕೆ ಹೊಳೆಯಲಿಲ್ಲ?

ಹಾಗಂತ ಅದು ಒಳ್ಳೆಯ ಯಂತ್ರ ಅಂತ ಹೇಳುತ್ತಿಲ್ಲ. ಇಟ್ಟಿಗೆ. ಆರು ಎಎ ಸೆಲ್ ನುಂಗಿ ನಾಲ್ಕೈದು ಗಂಟೆಗೆ ಮಲಗುತ್ತದೆ. ಬಣ್ಣದ ಪರದೆ, ಹಿಂದಿನಿಂದ ಬೆಳಕು, ಎಲ್ಲ ಇತ್ತು. ಆದರೂ ಸೋತಿತು.

ಮೂರನೇ_ಲೈಫ್:

ಸೋತಿದ್ದು ಯಾರ ಎದುರು ಅನ್ನೋದೇ ಮಜಾ. ಅದೇ 1989ರ ನಿಂಟೆಂಡೊ ಗೇಮ್ ಬಾಯ್. 160×144 ಪಿಕ್ಸೆಲ್, ನಾಲ್ಕೇ ಛಾಯೆ, ಬೆಳಕಿಲ್ಲ, ಹಸಿರು ಬಣ್ಣದ ಪರದೆ. ಮರುವರ್ಷ ಸೆಗಾದ ಗೇಮ್ ಗಿಯರ್ ಬಂತು. ಅದಕ್ಕೂ ಬಣ್ಣ, ಬೆಳಕು, ಆರು ಸೆಲ್, ಮೂರರಿಂದ ಐದು ಗಂಟೆ. ಗೇಮ್ ಬಾಯ್ ನಾಲ್ಕು ಸೆಲ್‌ನಲ್ಲಿ ಹತ್ತು ಗಂಟೆ ದಾಟಿ ಓಡುತ್ತಿತ್ತು.

ಇದರ ಹಿಂದಿದ್ದವರು ಗುನ್‌ಪೇಯ್ ಯೊಕೊಯಿ. ಹಳೆಯದಾಗಿ, ಅಗ್ಗವಾಗಿ, ಎಲ್ಲರಿಗೂ ಚೆನ್ನಾಗಿ ಪಳಗಿದ ತಂತ್ರಜ್ಞಾನ ತಗೊಂಡು ಅದರಿಂದ ಹೊಸದೇನು ಮಾಡಬಹುದು ನೋಡು ಅನ್ನೋದು ಅವರ ದಾರಿ. ನಾವೆಲ್ಲ ಹೆಬ್ಬೆರಳಿಟ್ಟು ಆಡುವ ಕೂಡುಚಿಹ್ನೆ ಆಕಾರದ ಡಿ-ಪ್ಯಾಡ್ ಕೂಡ ಅವರದ್ದೇ, 1982ರಲ್ಲಿ ನಿಂಟೆಂಡೊದ ಗೇಮ್ ಅಂಡ್ ವಾಚ್ ಸಾಲಿನ ಪುಟ್ಟ ಯಂತ್ರ ಡಾಂಕಿ ಕಾಂಗ್‌ಗೆ ಮಾಡಿದ್ದು.

ನಿಂಟೆಂಡೊ ಬಿಟ್ಟ ಮೇಲೂ ಅವರು ಅದೇ ಹಟ ಬಿಡಲಿಲ್ಲ. ಬಂಡಾಯಿ ಕಂಪನಿಗಾಗಿ ರೂಪಿಸಿದ ವಂಡರ್‌ಸ್ವಾನ್ ಹ್ಯಾಂಡ್‌ಹೆಲ್ಡ್ ಒಂದೇ ಒಂದು ಎಎ ಸೆಲ್‌ನಲ್ಲಿ ಮೂವತ್ತು ಗಂಟೆ ಆಚೀಚೆ ಓಡುತ್ತಿತ್ತು. ಅದು ಅಂಗಡಿಗೆ ಬಂದಿದ್ದು 1999ರಲ್ಲಿ. ಅವರು 1997ರಲ್ಲೇ ರಸ್ತೆ ಅಪಘಾತದಲ್ಲಿ ತೀರಿಕೊಂಡಿದ್ದರು.

ಎಡಗೈ:

ವಂಡರ್‌ಸ್ವಾನ್ ಹೆಸರು ಎತ್ತಿದ್ದಕ್ಕೆ ಖುಷಿ. ಅದನ್ನು ಅಡ್ಡಕ್ಕೂ ಹಿಡಿಯಬಹುದು, ಉದ್ದಕ್ಕೂ ಹಿಡಿಯಬಹುದು. ಎಡಗಡೆ ನಾಲ್ಕು ನಾಲ್ಕು ಬಟನ್‌ಗಳ ಎರಡು ಗುಂಪು. ಆದರೆ ಡಿ-ಪ್ಯಾಡ್ ಬದಲು ಬಿಡಿ ಬಿಡಿ ಬಟನ್. ಡಿ-ಪ್ಯಾಡ್ ಕಂಡುಹಿಡಿದವರೇ ಕೊನೆಯ ಯಂತ್ರದಲ್ಲಿ ಡಿ-ಪ್ಯಾಡ್ ಬಿಟ್ಟರು ನೋಡಿ!

ಅರ್ಧಚಾರ್ಜ್:

ಸೆಲ್ ಲೆಕ್ಕಕ್ಕೆ ಗೇಮ್ ಬಾಯ್‌ಗೆ ಕೈ ಮುಗಿಯೋಣ. ಆದರೆ ಮೊದಲ ಮಾದರಿಯಲ್ಲಿ ವೇಗದ ಆಟ ಆಡಿದ್ದೀರಾ? ಓಡುವ ಎಲ್ಲದರ ಹಿಂದೆ ಒಂದು ಬಾಲ. ಚೆಂಡು ಎಲ್ಲಿದೆ ಅಂತ ಊಹೆ ಮಾಡಿ ಆಡಬೇಕು. ನೆನಪಿನಲ್ಲಿ ಎಲ್ಲ ಸುಂದರ. ಕೈಗೆ ತಗೊಂಡು ಐದು ನಿಮಿಷ ಆಡಿದರೆ ಬಣ್ಣ ಬಯಲಾಗುತ್ತದೆ.

ಪಿಕ್ಸೆಲ್‌ಪುಟ್ಟಿ:

ಆ ಬಾಲವನ್ನೂ ಉಪಯೋಗಿಸಿಕೊಂಡವರಿದ್ದಾರೆ. ಆಟದಲ್ಲಿ ಒಂದು ವಸ್ತುವನ್ನು ಒಂದು ಫ್ರೇಮ್ (ಪರದೆ ಒಮ್ಮೆ ತೋರಿಸುವ ಚಿತ್ರ) ತೋರಿಸಿ, ಒಂದು ಫ್ರೇಮ್ ಬಚ್ಚಿಟ್ಟರೆ ಆ ನಿಧಾನದ ಪರದೆ ಎರಡನ್ನೂ ಕಲಸಿ ಅರ್ಧ ಪಾರದರ್ಶಕ ಅನ್ನಿಸುವ ಹಾಗೆ ಮಾಡುತ್ತಿತ್ತು. ಅದೇ ಆಟ ಇವತ್ತಿನ ಚುರುಕು ಪರದೆಯಲ್ಲಿ ಬರೀ ಮಿಣುಕು ಮಿಣುಕು. ಅದಕ್ಕೇ ಎಮ್ಯುಲೇಟರ್‌ಗಳಲ್ಲಿ (ಹಳೇ ಆಟಗಳನ್ನು ಹೊಸ ಯಂತ್ರದಲ್ಲಿ ಓಡಿಸುವ ಸಾಫ್ಟ್‌ವೇರ್) ಎರಡು ಫ್ರೇಮ್ ಬೆರೆಸುವ ಆಯ್ಕೆ ಇರುವುದು. ಬೆಸುಗೆಕೈ ಅವರು ಬಣ್ಣದ ಬಗ್ಗೆ ಹೇಳಿದ್ದೂ ಇದೇ ಜಾತಿಯ ವಿಷಯ.

ಬೆಸುಗೆಕೈ:

ಹೌದು. ಮೇಲೆ ಗೇಮ್ ಗಿಯರ್ ಹೆಸರು ಬಂತು, ಅದಕ್ಕೊಂದು ಎಚ್ಚರಿಕೆ. ಯಾರಿಗಾದರೂ ಹಳೇ ಪೆಟ್ಟಿಗೆಯಲ್ಲಿ ಸಿಕ್ಕಿ, "ಪರದೆ ಮಂಕು, ಶಬ್ದ ಸಣ್ಣ, ಇಲ್ಲಾ ಆನ್ ಆಗಿ ತಕ್ಷಣ ಆಫ್" ಅಂತಿದ್ದರೆ ತಪ್ಪು ಕೆಪಾಸಿಟರ್‌ಗಳದ್ದು (ಬೋರ್ಡ್ ಮೇಲೆ ವಿದ್ಯುತ್ ಹಿಡಿದಿಡುವ ಸಣ್ಣ ಭಾಗಗಳು). ಅವು ಸೋರಿ ಬೋರ್ಡ್ ತಿನ್ನುವುದು ಆ ಯಂತ್ರದ ಊರೆಲ್ಲ ಗೊತ್ತಿರುವ ರೋಗ. ಒಳಗೆ ಮೂರು ಬೋರ್ಡ್ ಇರುತ್ತವೆ: ಮುಖ್ಯ ಬೋರ್ಡ್, ಪವರ್‌ದು, ಶಬ್ದದ್ದು. ಮೂರರಲ್ಲೂ ಕೆಪಾಸಿಟರ್ ಬದಲಾಯಿಸಿ. ಒಂದನ್ನು ಮಾತ್ರ ಮಾಡಿದರೆ ಆರು ತಿಂಗಳಿಗೆ ಮತ್ತೆ ಸ್ಕ್ರೂ ಬಿಚ್ಚುತ್ತೀರಿ. ಸೋಲ್ಡರಿಂಗ್ ಐರನ್ ಇಟ್ಟಾಗ ಮೀನಿನ ವಾಸನೆ ಬಂದರೆ ಗಾಬರಿ ಬೇಡ, ಸೋರಿದ ದ್ರವದ್ದು ಅದು. ಕಿಟಕಿ ತೆಗೆದಿಡಿ.

ಮೊದಲ ಗೇಮ್ ಬಾಯ್‌ನಲ್ಲಿ ಲಂಬ ಗೆರೆಗಳು ಕಾಣೆಯಾಗಿದ್ದರೆ ಅದು ಬೇರೆ ಕಥೆ. ಪರದೆಯ ಕೆಳಗಿನ ರಿಬ್ಬನ್ ಕೇಬಲ್ ಹಿಡಿತ ಬಿಟ್ಟಿರುತ್ತದೆ. ಐರನ್ನನ್ನು ಕಡಿಮೆ ಬಿಸಿಯಲ್ಲಿಟ್ಟು ಅದರ ಮೇಲೆ ನಿಧಾನ ಎಳೆದರೆ ಗೆರೆಗಳು ಒಂದೊಂದೇ ವಾಪಸ್ ಬರುತ್ತವೆ. ಆಸೆ ಜಾಸ್ತಿ ಆಗಿ ನಾನೊಮ್ಮೆ ಒಂದೇ ಕಡೆ ಜಾಸ್ತಿ ಹೊತ್ತು ಒತ್ತಿ ಹಿಡಿದೆ. ಇದ್ದ ಗೆರೆಗಳೂ ಹೋದವು.

ರಾತ್ರಿ_ಆಟ:

ಎಲ್ಲರೂ ತೊಂಬತ್ತರ ದಶಕದಲ್ಲೇ ನಿಂತಿದ್ದೀರಿ. ನನಗೆ ಹ್ಯಾಂಡ್‌ಹೆಲ್ಡ್ ಅಂದರೆ ದೀಪ ಆರಿಸಿ, ಹೊದ್ದು, ಪಕ್ಕದಲ್ಲಿ ಮಲಗಿದವರಿಗೆ ಗೊತ್ತಾಗದ ಹಾಗೆ ಆಡುವುದು. ಅದಕ್ಕೆ ಹೇಳಿ ಮಾಡಿಸಿದ್ದು ಸೋನಿಯ 2011ರ ಮೊದಲ ಪಿಎಸ್ ವೀಟಾ. ಐದು ಇಂಚಿನ ಓಎಲ್‌ಇಡಿ ಪರದೆ, ಕಪ್ಪು ಅಂದರೆ ನಿಜವಾದ ಕಪ್ಪು.

ಪಿಕ್ಸೆಲ್ ಲೆಕ್ಕ ಇಷ್ಟಪಡುವವರಿಗೆ: ಸೋನಿಯ ಅದಕ್ಕಿಂತ ಹಿಂದಿನ ಹ್ಯಾಂಡ್‌ಹೆಲ್ಡ್ ಪಿಎಸ್‌ಪಿ ಪರದೆ 480×272, ವೀಟಾದ್ದು 960×544. ಸರಿಯಾಗಿ ಎರಡು ಪಟ್ಟು. ಹಾಗಾಗಿ ಪಿಎಸ್‌ಪಿ ಆಟಗಳು ಅದರಲ್ಲಿ ಮಸುಕಾಗದೆ ಕೂರುತ್ತವೆ. 2013ರ ತೆಳು ಮಾದರಿಯಲ್ಲಿ ಪರದೆ ಎಲ್‌ಸಿಡಿ ಆಯಿತು. ತೂಕ ಇಳಿಯಿತು, ಸಾಮಾನ್ಯ ಮೈಕ್ರೊ ಯುಎಸ್‌ಬಿ ಬಂತು. ಕೈಗೆ ಅದೇ ಹಿತ ಅನ್ನುವವರೂ ಇದ್ದಾರೆ. ನನಗೆ ಆ ಕಪ್ಪೇ ಬೇಕು.

ಅದರ ಮೆಮೊರಿ ಕಾರ್ಡ್ ಬಗ್ಗೆ ಕೇಳಬೇಡಿ. ಬೇರೆಲ್ಲೂ ಹಾಕಲು ಬರದ, ಅದಕ್ಕೆ ಮಾತ್ರ ಅಂತ ಮಾಡಿದ ಕಾರ್ಡ್. ಒಳ್ಳೆಯ ಯಂತ್ರದ ಕತ್ತು ಹಿಸುಕಿದ್ದರಲ್ಲಿ ಅದರ ಪಾಲೂ ಇದೆ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ನಿಧಾನಗಾಡಿ:

ವೀಟಾ ಹಿಂಬದಿಯ ಟಚ್ ಪ್ಯಾಡ್ ಮರೆತಿರಾ? ಬೆರಳು ಸುಮ್ನೆ ಇಟ್ಟರೂ ಅದು ಏನೋ ಒತ್ತಿದ ಹಾಗೆ. ಕೈಯಲ್ಲಿ ಹಿಡಿಯುವ ವಸ್ತುವಿನಲ್ಲಿ ಹಿಡಿಯುವ ಜಾಗಕ್ಕೇ ಬಟನ್ ಇಟ್ಟ ಪುಣ್ಯಾತ್ಮ ಯಾರೋ.

ರಾತ್ರಿ_ಆಟ:

ಅದು ಒಪ್ಪಿದೆ. ನಗು ಬಂತು.

ಹೊಸಬ್ಬ:

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಯಾವ ಹಳೇ ಕನ್ಸೋಲೂ ಇಲ್ಲ. ಗೇಮ್ ಬಾಯ್, ಅಡ್ವಾನ್ಸ್ ಆಟಗಳನ್ನು ಆಡಬೇಕು ಅಂತ ಆಸೆ, ಅಷ್ಟೆ. ಈಗಿನ ಸಣ್ಣ ಎಮ್ಯುಲೇಟರ್ ಯಂತ್ರ ತಗೊಂಡರೆ ಸಾಕಾ, ಇಲ್ಲಾ ಅಸಲಿಯೇ ಬೇಕಾ? ಅಸಲಿ ಕಾರ್ಟ್ರಿಡ್ಜ್ (ಆಟ ಇರುವ, ಕನ್ಸೋಲ್‌ಗೆ ಸಿಕ್ಕಿಸುವ ಡಬ್ಬಿ) ಹುಡುಕುತ್ತಾ ಹೋಗಿ ಒಬ್ಬರಿಂದ ನಕಲಿ ಕೊಂಡು ಕೈ ಸುಟ್ಟುಕೊಂಡಿದ್ದೇನೆ.

ಪಿಕ್ಸೆಲ್‌ಪುಟ್ಟಿ:

ಎಮ್ಯುಲೇಟರ್ ಯಂತ್ರವೇ ಸಾಕು ಅಣ್ಣ. ಇವರ ಮಾತು ಕೇಳಿ ಹಳೇ ಸಾಮಾನು ಗುಡ್ಡೆ ಹಾಕಿಕೊಳ್ಳಬೇಡಿ. ಆದರೆ ಪರದೆ ನೋಡಿ ತಗೊಳ್ಳಿ.

ಅಡ್ವಾನ್ಸ್‌ನ ಪರದೆ 240×160. ಮಿಯೂ ಮಿನಿ, ಆನ್‌ಬರ್ನಿಕ್ ಆರ್‌ಜಿ35ಎಕ್ಸ್‌ಎಕ್ಸ್ ಥರದವುಗಳ ಪರದೆ 640×480. ಭಾಗಿಸಿ ನೋಡಿ, ಅಗಲಕ್ಕೆ 2.67 ಪಟ್ಟು ಬರುತ್ತದೆ. ಅಂದರೆ ಒಂದು ಪಿಕ್ಸೆಲ್‌ಗೆ ಮೂರು ಚುಕ್ಕೆ, ಅದರ ಪಕ್ಕದ್ದಕ್ಕೆ ಎರಡೇ ಚುಕ್ಕೆ. ನಿಂತ ಚಿತ್ರದಲ್ಲಿ ಅಷ್ಟು ಕಾಣಲ್ಲ. ಹಿನ್ನೆಲೆ ಸರಿಯುವಾಗ ಗೆರೆಗಳು ನಡುಗುತ್ತವೆ, ಒಮ್ಮೆ ಕಂಡರೆ ಆಮೇಲೆ ಕಣ್ಣು ಅಲ್ಲೇ ಹೋಗುತ್ತದೆ. ಎರಡೇ ಪಟ್ಟಿಗೆ ಇಟ್ಟರೆ ಚಿತ್ರ ಶುದ್ಧ, ಸುತ್ತ ದಪ್ಪ ಕಪ್ಪು ಅಂಚು.

ಹಳೇ ಆರ್‌ಜಿ351ಪಿಯ ಪರದೆ 480×320, ಸರಿಯಾಗಿ ಎರಡು ಪಟ್ಟು. ಆರ್‌ಜಿ34ಎಕ್ಸ್‌ಎಕ್ಸ್‌ನದ್ದು 720×480, ಸರಿಯಾಗಿ ಮೂರು ಪಟ್ಟು. ಗಾಡಿಯವರೇ, ಈ ಎರಡನೆಯದರ ಆಕಾರವೂ ನಿಮ್ಮ ಪ್ರೀತಿಯ ಅಡ್ವಾನ್ಸ್‌ದೇ, ನೋಡಿದ್ದೀರಾ?

ಗೇಮ್ ಬಾಯ್ ಆಟವೇ ಮುಖ್ಯ ಅಂದರೆ ಅನಾಲಾಗ್ ಪಾಕೆಟ್ ಇದೆ. ಪರದೆ 1600×1440, ಹತ್ತು ಪಟ್ಟು. ಹಳೇ ಪರದೆಯ ಪಿಕ್ಸೆಲ್ ನಡುವಿನ ಸಂದಿಯನ್ನೂ ಬಿಡಿಸಿ ತೋರಿಸುತ್ತದೆ. ಅಸಲಿ ಕಾರ್ಟ್ರಿಡ್ಜ್ ಕೂಡ ಹಾಕಬಹುದು.

ನಿಧಾನಗಾಡಿ:

ಆ ಆರ್‌ಜಿ34ಎಕ್ಸ್‌ಎಕ್ಸ್ ಗೆಳೆಯರೊಬ್ಬರದ್ದು ಹಿಡಿದು ನೋಡಿದೆ. ಆಕಾರಕ್ಕೆ ಪೂರ್ತಿ ಅಂಕ. ಆದರೂ ಹೆಬ್ಬೆರಳಿಗೆ ಅದೇ ಅನ್ನಿಸಲಿಲ್ಲ. ಯಾಕೆ ಅಂತ ಬಾಯಲ್ಲಿ ಹೇಳಲು ಬರುತ್ತಿಲ್ಲ.

ಬೆಸುಗೆಕೈ:

ನಾನು ಹೇಳುತ್ತೇನೆ. ಡಿ-ಪ್ಯಾಡ್ ಬಿಚ್ಚಿದರೆ ನಡುವೆ ಒಂದು ಸಣ್ಣ ಉಬ್ಬು ಕಾಣುತ್ತದೆ, ಅದರ ಮೇಲೆ ಇಡೀ ಪ್ಯಾಡ್ ಏತದ ಹಾಗೆ ತೂಗುತ್ತದೆ. ಬಲಕ್ಕೆ ಒತ್ತಿದರೆ ಎಡ ಮೇಲೇಳಬೇಕು. ಉಬ್ಬು ಗಿಡ್ಡ ಇದ್ದರೆ ಪೂರ್ತಿ ಪ್ಯಾಡ್ ಕೆಳಗೆ ಕುಸಿಯುತ್ತದೆ. ಬಲಕ್ಕೆ ಒತ್ತಿದರೆ ಮೇಲೂ ಸ್ವಲ್ಪ ಒತ್ತಿ, ನೀವು ಕೇಳದ ಓರೆ ದಿಕ್ಕಿಗೆ ಹೋಗುತ್ತೀರಿ. ಬ್ಲಾಕ್ ಬೀಳುವ ಆಟದಲ್ಲಿ ಪಕ್ಕಕ್ಕೆ ಸರಿಸಲು ಹೋಗಿ ತಪ್ಪು ಜಾಗದಲ್ಲಿ ಬೀಳಿಸಿದವರಿಗೆ ಈ ಸಿಟ್ಟು ಗೊತ್ತು. ಜೊತೆಗೆ ಕೆಳಗಿನ ರಬ್ಬರ್ ಎಷ್ಟು ಮೆತ್ತಗೆ, ಎಷ್ಟು ಆಳ ಹೋಗುತ್ತದೆ, ಎಲ್ಲ ಸೇರಿ ಆ "ಅದೇ ಅಲ್ಲ" ಅನ್ನುವ ಭಾವ ಬರುತ್ತದೆ.

ಹೊಸ ಯಂತ್ರಗಳಲ್ಲಿ ಹೀಗಾದರೆ ಬೋರ್ಡ್ ಮೇಲಿನ ಕಾಂಟ್ಯಾಕ್ಟ್‌ನ ಅಂಚಿಗೆ ಸಣ್ಣ ಟೇಪ್ ತುಂಡು ಅಂಟಿಸುತ್ತಾರೆ. ಓರೆ ಒತ್ತು ಕಡಿಮೆ ಆಗುತ್ತದೆ. ಜಾಸ್ತಿ ಮುಚ್ಚಿದರೆ ಬೇಕಾದ ಓರೆಯೂ ಸಿಗಲ್ಲ, ನೋಡಿಕೊಂಡು ಮಾಡಿ.

ಹೊಸಬ್ಬ ಅವರೇ, ಕಾರ್ಟ್ರಿಡ್ಜ್ ವಿಷಯ. ಕೊಳ್ಳುವ ಮೊದಲು ಒಳಗಿನ ಬೋರ್ಡ್‌ನ ಫೋಟೊ ಕೇಳಿ. ಅದನ್ನು ಬಿಚ್ಚಲು ಗೇಮ್‌ಬಿಟ್ ಅನ್ನುವ ವಿಶೇಷ ಸ್ಕ್ರೂಡ್ರೈವರ್ ಅಥವಾ ಮೂರು ಮೂಲೆಯ ಟ್ರೈವಿಂಗ್ ಸ್ಕ್ರೂಡ್ರೈವರ್ ಬೇಕು, ಮಾರುವವರ ಹತ್ತಿರ ಅದು ಇಲ್ಲ ಅಂದರೆ ಅನುಮಾನಪಡಿ. ಹಳೇ ಗೇಮ್ ಬಾಯ್ ಕಾರ್ಟ್ರಿಡ್ಜ್‌ಗಳಲ್ಲಿ ಸೇವ್ (ಆಡಿದಷ್ಟನ್ನು ಉಳಿಸಿದ್ದು) ಉಳಿಯುವುದು ಒಂದು ನಾಣ್ಯದ ಆಕಾರದ ಬ್ಯಾಟರಿಯಿಂದ. ಪೊಕೆಮಾನ್ ಗೋಲ್ಡ್, ಸಿಲ್ವರ್ ಆಟಗಳಲ್ಲಿ ಅದೇ ಬ್ಯಾಟರಿ ಗಡಿಯಾರವನ್ನೂ ಓಡಿಸುತ್ತದೆ, ಹಾಗಾಗಿ ಬೇಗ ಸಾಯುತ್ತದೆ. ಬದಲಾಯಿಸಲು ಬ್ಯಾಟರಿ ತೆಗೆದ ಕ್ಷಣ ಸೇವ್ ಹೋಗುತ್ತದೆ. ಮೊದಲು ಕಾರ್ಟ್ರಿಡ್ಜ್ ಓದುವ ಸಾಧನದಿಂದ ಕಂಪ್ಯೂಟರಿಗೆ ಇಳಿಸಿಕೊಳ್ಳಿ, ಆಮೇಲೆ ಐರನ್ ಹಿಡಿಯಿರಿ.

ಮತ್ತೆ ಆಟ ಓಡದಿದ್ದರೆ ದಯವಿಟ್ಟು ಕಾರ್ಟ್ರಿಡ್ಜ್‌ಗೆ ಊದಬೇಡಿ. ಊದಿದಾಗ ಹೋಗುವುದು ಗಾಳಿಯ ಜೊತೆ ಉಗುಳಿನ ತೇವ. ಪಿನ್‌ಗೆ ತುಕ್ಕು. ಊದಿದ ಮೇಲೆ ಓಡಿದ್ದು ತೆಗೆದು ಮತ್ತೆ ಹಾಕಿದ್ದರಿಂದ. ಒರೆಸಲು ಐಸೊಪ್ರೊಪೈಲ್ ಆಲ್ಕೋಹಾಲ್, ಹತ್ತಿಯ ಕಡ್ಡಿ, ಇಷ್ಟೇ ಬೇಕು.

ಮೂರನೇ_ಲೈಫ್:

ಹೆಬ್ಬೆರಳಲ್ಲಿ ಎಲ್ಲ ದಿಕ್ಕಿಗೂ ತಿರುಗಿಸುವ ಸ್ಟಿಕ್ ಬಗ್ಗೆ ಯಾರೂ ಮಾತಾಡಲಿಲ್ಲ. ಹಳೆಯದೆಲ್ಲ ಗಟ್ಟಿ, ಹೊಸದೆಲ್ಲ ಪೊಳ್ಳು ಅನ್ನುವವರಿಗೆ ನಿಂಟೆಂಡೊ 64ರ ಸ್ಟಿಕ್ ಕೊಟ್ಟು ಕೂರಿಸಬೇಕು. ಕೆಳಗಿನ ಪ್ಲಾಸ್ಟಿಕ್ ಬಟ್ಟಲು ತಿರುಗಿಸಿ ತಿರುಗಿಸಿ ಸವೆದು ಬಿಳಿ ಪುಡಿ ಉದುರುತ್ತದೆ. ಆಮೇಲೆ ಸ್ಟಿಕ್ ಒಣಗಿದ ಗಿಡದ ಹಾಗೆ ಒಂದು ಕಡೆ ವಾಲಿಕೊಂಡು ನಿಲ್ಲುತ್ತದೆ.

ಈಗಿನ ನಿಂಟೆಂಡೊ ಸ್ವಿಚ್‌ನ ಜಾಯ್‌ಕಾನ್ ಕಂಟ್ರೋಲರ್‌ಗಳ ಡ್ರಿಫ್ಟ್ (ಮುಟ್ಟದಿದ್ದರೂ ಸ್ಟಿಕ್ ಚಲಿಸಿದ ಹಾಗೆ ಆಗುವುದು) ಬೇರೆ ಕಾರಣಕ್ಕೆ. ಸ್ಟಿಕ್ ಎತ್ತ ಬಾಗಿದೆ ಅಂತ ಅಳೆಯುವ ಭಾಗಗಳೇ ಒಳಗೆ ಒಂದಕ್ಕೊಂದು ಉಜ್ಜುತ್ತವೆ, ಉಜ್ಜಿದ್ದು ಸವೆಯುತ್ತದೆ. ಅಯಸ್ಕಾಂತ ಇಟ್ಟು, ಮುಟ್ಟದೆ ಅಳೆಯುವ ಹಾಲ್ ಎಫೆಕ್ಟ್ ಸ್ಟಿಕ್ ಈಗ ದೊಡ್ಡ ಸುದ್ದಿ ಅನ್ನುವ ಹಾಗೆ ಮಾರುತ್ತಾರೆ. ಸೆಗಾದ 1998ರ ಡ್ರೀಮ್‌ಕಾಸ್ಟ್ ಕನ್ಸೋಲ್‌ನ ಕಂಟ್ರೋಲರ್‌ನಲ್ಲಿ ಅದೇ ಇತ್ತು! ಗೊತ್ತಿದ್ದದ್ದನ್ನು ಮರೆತು ಮತ್ತೆ ಕಂಡುಹಿಡಿಯುವುದು ಈ ಉದ್ಯಮದ ಚಟ.

ಕೈಗೆ ಖುಷಿ ಕೊಟ್ಟ ಸ್ಟಿಕ್ ಅಂದರೆ ನನಗೆ ನಿಯೋ ಜಿಯೋ ಪಾಕೆಟ್ ಕಲರ್ ಹ್ಯಾಂಡ್‌ಹೆಲ್ಡ್‌ದು. ಟಿಕ್ ಟಿಕ್ ಅನ್ನುತ್ತದೆ. ಯಂತ್ರ ಆಫ್ ಇದ್ದಾಗಲೂ ಸುಮ್ನೆ ತಿರುಗಿಸುತ್ತಾ ಕೂರುತ್ತೇನೆ, ಮನೆಯವರು ಬೈಯುವವರೆಗೂ.

ಅರ್ಧಚಾರ್ಜ್:

ಹೊಸಬ್ಬ ಅವರಿಗೆ ಇನ್ನೊಂದು ಮಾತು, ನನ್ನ ಹೆಸರಿಗೆ ತಕ್ಕದ್ದು. ಒಳಗೆ ಲಿಥಿಯಂ ಬ್ಯಾಟರಿ ಇರುವ ಯಾವುದನ್ನೂ ಪೂರ್ತಿ ಖಾಲಿ ಮಾಡಿ ಅಥವಾ ಪೂರ್ತಿ ತುಂಬಿಸಿ ವರ್ಷಗಟ್ಟಲೆ ಪೆಟ್ಟಿಗೆಯಲ್ಲಿ ಇಡಬೇಡಿ. ಅರ್ಧ ಚಾರ್ಜ್ ಮಾಡಿ, ತಂಪಾದ ಜಾಗದಲ್ಲಿ ಇಡಿ, ಆಗಾಗ ತೆಗೆದು ನೋಡಿ. ನಾನು ಹಾಗೆ ಮಾಡಲಿಲ್ಲ. ಯಾವುದೋ ಹೆಸರಿಲ್ಲದ ಬದಲಿ ಬ್ಯಾಟರಿ ಹಾಕಿ ಮರೆತಿದ್ದೆ, ತೆಗೆದಾಗ ಹಿಂದಿನ ಮುಚ್ಚಳ ಉಬ್ಬಿ ಅರ್ಧ ಇಂಚು ಮೇಲೆದ್ದಿತ್ತು. ಉಬ್ಬಿದ್ದನ್ನು ಒತ್ತಬೇಡಿ, ಚುಚ್ಚಬೇಡಿ, ಚಾರ್ಜಿಗೆ ಹಾಕಬೇಡಿ.

ಎಎ ಸೆಲ್ ಯಂತ್ರಗಳಿಗೆ ಈ ಕಾಟ ಇಲ್ಲ. ಮೂವತ್ತು ವರ್ಷ ಕಳೆದರೂ ಸೆಲ್ ಸಿಗುತ್ತದೆ, ಹಾಕಿದರೆ ಓಡುತ್ತದೆ. ಆದರೆ ಸೆಲ್ ಒಳಗೇ ಬಿಟ್ಟರೆ ಸೋರಿ ಸ್ಪ್ರಿಂಗ್ ತಿನ್ನುತ್ತದೆ. ಹಸಿರು, ಬಿಳಿ ಪುಡಿ ಕಂಡರೆ ಹತ್ತಿಯಲ್ಲಿ ಸ್ವಲ್ಪ ವಿನೆಗರ್ ಹಚ್ಚಿ ಒರೆಸಿ, ಆಮೇಲೆ ಆಲ್ಕೋಹಾಲ್.

ಎಡಗೈ:

ತೂಕದ ಬಗ್ಗೆ ಕೇಳಿದ್ದರಲ್ಲ ಗಾಡಿಯವರು. ಕಂಪ್ಯೂಟರ್ ಆಟ ಆಡಿಸುವ ಹ್ಯಾಂಡ್‌ಹೆಲ್ಡ್ ಸ್ಟೀಮ್ ಡೆಕ್ ನನಗೆ ಇಷ್ಟ. ಬಟನ್‌ಗಳನ್ನೆಲ್ಲ ನನಗೆ ಬೇಕಾದ ಹಾಗೆ ಅದಲುಬದಲು ಮಾಡಿಕೊಳ್ಳಬಹುದು, ಲಿಂಕ್ಸ್ ಬಿಟ್ಟರೆ ನನ್ನ ಎಡಗೈಯನ್ನು ಲೆಕ್ಕಕ್ಕೆ ತಗೊಂಡದ್ದು ಅದೊಂದೇ. ಹಿಡಿಕೆ ದಪ್ಪ, ಬೆರಳಿಗೆಲ್ಲ ಜಾಗ. ಆದರೆ 2022ರ ಮೊದಲ ಮಾದರಿ 669 ಗ್ರಾಂ. ಮೊದಲ ಅಡ್ವಾನ್ಸ್ ಸೆಲ್ ಇಲ್ಲದೆ 140 ಗ್ರಾಂ. ಕೂತು ಆಡಿದರೆ ತೊಂದರೆ ಇಲ್ಲ, ತೊಡೆ ಮೇಲೆ ದಿಂಬು ಇದ್ದರೆ ಆಯಿತು. ಮಲಗಿ ಆಡುತ್ತಾ ತೂಕಡಿಸಿದಿರೋ, ಮೂಗಿನ ಮೇಲೆ 669 ಗ್ರಾಂ.

ರಾತ್ರಿ_ಆಟ:

ಅನುಭವದ ಮಾತು ಅನ್ನಿಸುತ್ತಿದೆ.

ಎಡಗೈ:

ಎರಡು ಸಲ.

ಮೂರನೇ_ಲೈಫ್:

ಎಮ್ಯುಲೇಟರ್ ಸಾಕು ಅಂದಿದ್ದಕ್ಕೆ ನನ್ನ ಅರ್ಧ ಒಪ್ಪಿಗೆ ಮಾತ್ರ. ಹ್ಯಾಂಡ್‌ಹೆಲ್ಡ್‌ಗೆ ಸಾಕು. ಟೀವಿಗೆ ಹಾಕುವ ಹಳೇ ಕನ್ಸೋಲ್ ಆದರೆ ಬೇರೆ ಮಾತು. ಅವು ಕಳಿಸುತ್ತಿದ್ದದ್ದು 240 ಗೆರೆಗಳ ಚಿತ್ರ, ಹಳೇ ಸಿಆರ್‌ಟಿ (ದಪ್ಪ ಗಾಜಿನ ಕೊಳವೆಯ) ಟೀವಿಗೆ ಅಂತ. ಇವತ್ತಿನ ಎಷ್ಟೋ ಟೀವಿಗಳು ಅದನ್ನು 480 ಗೆರೆಗಳ ಇಂಟರ್‌ಲೇಸ್ (ಒಂದು ಬಿಟ್ಟು ಒಂದು ಗೆರೆಯಾಗಿ ಬರುವ) ಚಿತ್ರ ಅಂತ ತಪ್ಪು ತಿಳಿದು, ಹೊಲಿದು, ಮಸುಕು ಮಾಡಿ, ತಡ ಮಾಡಿ ತೋರಿಸುತ್ತವೆ. ನೀವು ಜಿಗಿ ಅಂದಿರಿ, ಪಾತ್ರ ಹಳ್ಳಕ್ಕೆ ಬಿದ್ದ ಮೇಲೆ ಜಿಗಿಯುತ್ತದೆ. ತಪ್ಪು ನಿಮ್ಮದಲ್ಲ, ಕನ್ಸೋಲ್‌ದೂ ಅಲ್ಲ. ರೆಟ್ರೊಟಿಂಕ್, ಓಎಸ್‌ಎಸ್‌ಸಿ ಥರದ ಪೆಟ್ಟಿಗೆಗಳನ್ನು ನಡುವೆ ಇಡುವುದು ಇದಕ್ಕೇ. ಆ ಕಾಲದ ಲೈಟ್ ಗನ್ (ಟೀವಿಗೆ ಗುರಿಯಿಟ್ಟು ಆಡುವ ಬಂದೂಕು) ಮಾತ್ರ ಹಾಗೇ ಹಾಕಿದರೆ ಎಲ್‌ಸಿಡಿ ಮೇಲೆ ನಡೆಯಲ್ಲ, ಅದು ಸಿಆರ್‌ಟಿಯ ಬೆಳಕಿನ ಸಮಯವನ್ನೇ ನಂಬಿಕೊಂಡಿದೆ.

ಮಿಸ್ಟರ್ ಎಫ್‌ಪಿಜಿಎ (ಹಳೇ ಕನ್ಸೋಲ್‌ನ ಸರ್ಕ್ಯೂಟನ್ನೇ ಚಿಪ್‌ನಲ್ಲಿ ಅನುಕರಿಸುವ ಯಂತ್ರ) ಇಟ್ಟುಕೊಂಡವರು ಅದು ಅಸಲಿಯೇ ಅಂತ ವಾದ ಮಾಡುತ್ತಾರೆ. ನನ್ನ ಹತ್ತಿರವೂ ಇದೆ, ಇಷ್ಟವೂ ಹೌದು. ಆದರೆ ಅದರೊಳಗಿನ ಸರ್ಕ್ಯೂಟ್ ವಿವರಣೆ ಬರೆದವರೂ ಮನುಷ್ಯರೇ, ಅದರಲ್ಲೂ ತಪ್ಪು ಇರುತ್ತದೆ. ತಡ ಕಡಿಮೆ ಅನ್ನಿ, ಒಪ್ಪುತ್ತೇನೆ. ಪವಾಡ ಅನ್ನಬೇಡಿ.

ಪಿಕ್ಸೆಲ್‌ಪುಟ್ಟಿ:

ಗಾಡಿಯವರೇ, ಒಂದು ಪಂಥ. ಎಸ್‌ಪಿಯಲ್ಲಿ ಗಡಿಯಾರ ಇಟ್ಟುಕೊಂಡು ಒಂದು ಗಂಟೆ ಆಡಿ. ಪರದೆಯನ್ನು ಪೂರ್ತಿ ಬಿಚ್ಚದೆ ಸ್ವಲ್ಪ ಬಾಗಿಸಿ ಇಟ್ಟುಕೊಳ್ಳಿ, ಕೈ ತೊಡೆ ಮೇಲಿರಲಿ. ಆಮೇಲೆ ಬಂದು ಬೈಯಿರಿ.

ಹೊಸಬ್ಬ:

ಎಲ್ಲರಿಗೂ ಥ್ಯಾಂಕ್ಸ್. 720×480 ಪರದೆಯದ್ದೇ ತಗೊಳ್ಳುತ್ತೇನೆ. ಕಾರ್ಟ್ರಿಡ್ಜ್ ಆಸೆ ಸದ್ಯಕ್ಕೆ ಕಟ್ಟಿಟ್ಟೆ. ಒಂದು ಅನುಮಾನ: ನಿಂಟೆಂಡೊದ 3ಡಿಎಸ್ ಹ್ಯಾಂಡ್‌ಹೆಲ್ಡ್‌ನ ಆಟಗಳನ್ನು ಡೌನ್‌ಲೋಡ್ ಮಾಡಿ ಕೊಳ್ಳಬಹುದಾ?

ರಾತ್ರಿ_ಆಟ:

ಆಗಲ್ಲ. ಅದರ ಆನ್‌ಲೈನ್ ಅಂಗಡಿಯಲ್ಲಿ 2023ರ ಮಾರ್ಚ್‌ನಿಂದ ಮಾರಾಟ ನಿಂತಿದೆ. ಡೌನ್‌ಲೋಡ್ ಆಗಿ ಮಾತ್ರ ಬಂದ ಆಟಗಳನ್ನು ಈಗ ಹೊಸಬರು ಕೊಳ್ಳುವ ದಾರಿಯೇ ಇಲ್ಲ. ಕಾರ್ಟ್ರಿಡ್ಜ್‌ನಲ್ಲಿ ಬಂದದ್ದು ಹಳೆಯದಾಗಿ ಸಿಗಬಹುದು. ಇಷ್ಟು ಹೊತ್ತು ಹಳೇ ಸಾಮಾನಿನವರನ್ನು ಅಣಕಿಸುತ್ತಿದ್ದೆ, ಈ ಒಂದು ವಿಷಯದಲ್ಲಿ ಅವರ ಕಡೆ.

ನಿಧಾನಗಾಡಿ:

ಎರಡು ವಾರದ ಮೇಲೆ ಬರೆಯುತ್ತಿದ್ದೇನೆ. ಪುಟ್ಟಿಯವರ ಪಂಥ ಮುಗಿಸಿದೆ, ತಂಗಿಯ ಎಸ್‌ಪಿ ಇಸಕೊಂಡು. ಕೈ ತೊಡೆ ಮೇಲಿಟ್ಟು, ಪರದೆ ಬಾಗಿಸಿಕೊಂಡು, ಸರಿಯಾಗಿ ಒಂದು ಗಂಟೆ. ಹೆಬ್ಬೆರಳು ನಲವತ್ತನೇ ನಿಮಿಷಕ್ಕೆ ನೋಯಲು ಶುರುವಾಯಿತು, ಹೋದ ಸಲಕ್ಕಿಂತ ಹತ್ತು ನಿಮಿಷ ತಡ. ಆದರೆ ಕುತ್ತಿಗೆ ಒಂದು ಸಲವೂ ನೋಯಲಿಲ್ಲ. ಅಡ್ವಾನ್ಸ್ ಹಿಡಿದರೆ ಹತ್ತೇ ನಿಮಿಷಕ್ಕೆ ಕುತ್ತಿಗೆ ಹಿಡಿಯುತ್ತದೆ. ಅದನ್ನು ನಾನು ಇಲ್ಲಿಯವರೆಗೂ ಲೆಕ್ಕಕ್ಕೇ ತಗೊಂಡಿರಲಿಲ್ಲ. ಅರ್ಧ ಸೋತೆ ಅಂತ ಬರೆದುಕೊಳ್ಳಿ.

ಉಳಿದರ್ಧಕ್ಕೆ ಐಪಿಎಸ್ ಕಿಟ್ ತರಿಸಿ ಅಡ್ವಾನ್ಸ್‌ಗೆ ಹಾಕಿದೆ. ಬೆಸುಗೆಕೈ ಸರ್, ನೀವು ಹೇಳಿದ ಹಾಗೆ ಒಳಗಿನ ಪ್ಲಾಸ್ಟಿಕ್ ಕತ್ತರಿಸಿದೆ. ಸ್ವಲ್ಪ ಅಂದಿದ್ದಿರಿ, ನಾನು ಜಾಸ್ತಿ ಕತ್ತರಿಸಿಬಿಟ್ಟೆ. ಬಲಗಡೆ ಮೂಲೆಯಿಂದ ಬೆಳಕು ಸೋರುತ್ತಿದೆ. ಬಿಳಿ ಟೇಪ್ ಅಂಟಿಸಿದೆ, ಇನ್ನೂ ಸೋರುತ್ತಿದೆ.

ಬೆಸುಗೆಕೈ:

ಬಿಳಿ ಟೇಪ್ ಒಳಗಿಂದ ಬೆಳಕು ಬರದೆ ಇನ್ನೇನಾಗುತ್ತದೆ ಮಾರಾಯ್ರೇ. ಕಪ್ಪು ಟೇಪ್ ಹಾಕಿ, ಎರಡು ಪದರ. ಸ್ಕ್ರೂ ಮಾತ್ರ ಬಿಗಿ ಮಾಡಬೇಡಿ, ಪರದೆ ಒಡೆಯುತ್ತದೆ.